ಬೆಕ್ಕು ಊಟ ಬಿಟ್ಟ ದಿನ ಇನ್ಸುಲಿನ್ ಕೊಡಬೇಕೇ?

ಸೊಲ್ಲಾಪುರ, ಅಕ್ಕಲಕೋಟ ಭಾಗದ ಅನೇಕ ಮನೆಗಳಲ್ಲಿ ಬೆಕ್ಕಿಗೆಂದು ಬೇರೆ ಅಡುಗೆ ಇಲ್ಲ. ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿಯೇ ಅದರ ಊಟ. ಇಂಥ ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆಂದರೆ ಹಲವರು ನಗುತ್ತಾರೆ. ಆದರೆ ಬರುತ್ತದೆ. ವಯಸ್ಸಾದ, ಮೈ ಬೆಳೆದ ಗಂಡು ಬೆಕ್ಕುಗಳಲ್ಲಿ ಹೆಚ್ಚು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಇಳಿಯುವ ತೂಕ: ಮನೆಯ ಹಿರಿಯರಲ್ಲಿ ಕಂಡ ಲಕ್ಷಣಗಳೇ ಇಲ್ಲಿಯೂ. ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ದಿನಕ್ಕೆರಡು ಬಾರಿ ಇನ್ಸುಲಿನ್.

ಇಕ್ಕಟ್ಟು ಎದುರಾಗುವುದು ಬೆಕ್ಕಿಗೆ ಬೇರೊಂದು ಕಾಯಿಲೆ ತಗುಲಿದಾಗ. ಹಲ್ಲಿನ ಕೀವು, ಮೂತ್ರದ ಸೋಂಕು, ವಾಂತಿ ಏನೇ ಇರಲಿ, ದೇಹವು ಕಾರ್ಟಿಸೋಲ್, ಅಡ್ರಿನಲಿನ್‌ಗಳಂಥ ಹಾರ್ಮೋನುಗಳನ್ನು ಹೆಚ್ಚು ಸ್ರವಿಸುತ್ತದೆ. ಅವು ಯಕೃತ್ತಿನಿಂದ ಗ್ಲೂಕೋಸನ್ನು ಹೊರಗೆ ತರುತ್ತವೆ, ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡ ಬರುತ್ತವೆ. ಆದ್ದರಿಂದ ಏನೂ ತಿನ್ನದ ಬೆಕ್ಕಿನ ರಕ್ತದಲ್ಲಿಯೂ ಸಕ್ಕರೆ ಏರಬಹುದು. ಇನ್ನೊಂದೆಡೆ, ಊಟವಿಲ್ಲದ ಹೊಟ್ಟೆಯ ಮೇಲೆ ಎಂದಿನ ಪ್ರಮಾಣದ ಸೂಜಿ ಬಿದ್ದರೆ ಅದೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎರಡರಲ್ಲಿ ಯಾವುದು ನಡೆಯುತ್ತಿದೆ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು.

‘ತಿಂದಿಲ್ಲ, ಸೂಜಿಯೂ ಬೇಡ’ ಎಂದು ನಾವೇ ತೀರ್ಮಾನಿಸುವುದೂ ತಪ್ಪು. ಇನ್ಸುಲಿನ್ ಪೂರ್ತಿ ನಿಂತರೆ ದೇಹವು ಕೊಬ್ಬನ್ನು ಕರಗಿಸತೊಡಗಿ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರಿ ಪ್ರಾಣಕ್ಕೇ ಕುತ್ತು ಬರಬಹುದು. ಬೆಕ್ಕಿನ ಯಕೃತ್ತಂತೂ ಉಪವಾಸವನ್ನು ತಾಳದು. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಅಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ನಾಳೆ ತಿಂದೀತು ಎಂದು ಕಾಯುವುದು ಬೇಡ.

ಕ್ರಮವೆಂದರೆ ಮೊದಲು ಊಟ, ಆಮೇಲೆ ಸೂಜಿ. ತಿನ್ನದಿದ್ದರೆ ಕಿವಿಯಂಚಿನ ಒಂದು ಹನಿ ರಕ್ತದಿಂದ ಸಕ್ಕರೆ ನೋಡಿ, ವೈದ್ಯರಿಗೆ ಫೋನ್ ಮಾಡಬೇಕು. ಆರೋಗ್ಯವಂತ ಬೆಕ್ಕಿನಲ್ಲಿ ಅದು ಡೆಸಿಲೀಟರಿಗೆ ಸುಮಾರು 80ರಿಂದ 120 ಮಿಲಿಗ್ರಾಂ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬೆಕ್ಕು ಹೆದರಿದ್ದರೆ ಸಕ್ಕರೆಯೇ ಏರಿರುತ್ತದೆ. ಹೀಗಾಗಿ ಒಂದೇ ಅಂಕಿ ನಂಬಿ ಪ್ರಮಾಣ ಬದಲಿಸಲಾಗದು. ಅರ್ಧ ತಿಂದರೆಷ್ಟು, ಏನೂ ತಿನ್ನದಿದ್ದರೆಷ್ಟು ಎಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ.

ನಡೆಯುವಾಗ ತೂರಾಡುವುದು, ನಡುಕ, ಸೆಳವು ಕಂಡರೆ ಸಕ್ಕರೆ ಕುಸಿದಿದೆ ಎಂದೇ ತಿಳಿದು ಒಸಡಿಗೆ ಜೇನು ಅಥವಾ ಸಕ್ಕರೆ ಪಾಕ ಸವರಿ ದವಾಖಾನೆಗೆ ಧಾವಿಸಬೇಕು. ಪ್ರಜ್ಞೆ ಇಲ್ಲದಾಗ ಬಾಯಿಗೆ ಏನನ್ನೂ ಸುರಿಯಬಾರದು. ಸಿರಿಂಜಿನ ಗೊಂದಲವೂ ಇದಕ್ಕೆ ಕಾರಣವಾಗುವುದುಂಟು: ನಮ್ಮಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಮತ್ತು 100 ಯೂನಿಟ್‌ಗಳ ಎರಡು ಬಗೆಯಲ್ಲಿ ಸಿಗುತ್ತದೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಜ್ವರಕ್ಕೆಂದು ಮನೆಯ ಪ್ಯಾರಾಸಿಟಮಾಲ್ ಕೊಡುವುದಂತೂ ಕೂಡದು. ಬೆಕ್ಕಿಗೆ ಅದು ವಿಷ.

ಉದಗೀರ, ಬೀದರಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆದರೆ ಊಟ ಬಿಟ್ಟ ಬೆಕ್ಕನ್ನು ಮೊದಲು ತೋರಿಸಬೇಕಾದದ್ದು ಹತ್ತಿರದ ಪಶು ದವಾಖಾನೆಯಲ್ಲಿ. ಹೋಗುವಾಗ ಇನ್ಸುಲಿನ್ ಬಾಟಲಿ, ಸಿರಿಂಜು, ಕೊನೆಯ ಸೂಜಿ ಕೊಟ್ಟ ಹೊತ್ತನ್ನು ಬರೆದ ಚೀಟಿ ಜೊತೆಗಿರಲಿ.