ಸರೋವರಕ್ಕಾಗಿ ಗುಡ್ಡ ತಗ್ಗಿಸಿದ ಮನೆ

ಕೊಲಂಬೊದಿಂದ ದಕ್ಷಿಣಕ್ಕೆ ಕಡಲ ದಂಡೆಗುಂಟ ಸಾಗುವ ರೈಲು ಬೆಂಟೋಟದಲ್ಲಿ ನಿಲ್ಲುತ್ತದೆ. ಇಳಿದ ಪ್ರವಾಸಿಗರಲ್ಲಿ ಹೆಚ್ಚಿನವರು ನೇರ ಸಮುದ್ರದ ಕಡೆಗೇ ಹೋಗುತ್ತಾರೆ. ಒಳನಾಡಿನತ್ತ ಹೊರಳಿ ತುಸು ದೂರ ಹೋದರೆ ದೆದ್ದುವ ಸರೋವರ ಸಿಗುತ್ತದೆ. ಅದರ ನೀರಿನೊಳಕ್ಕೆ ಚಾಚಿಕೊಂಡ ನೆಲದ ಮೇಲೆ, ಎರಡು ತಗ್ಗು ಗುಡ್ಡಗಳನ್ನು ಆವರಿಸಿ ಹರಡಿರುವ ಮನೆ ಮತ್ತು ತೋಟವೇ ಲುನುಗಂಗ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ (1919–2003) ತಮ್ಮ ಬಾಳಿನ ಸುಮಾರು ಐವತ್ತು ವರ್ಷ ಕಟ್ಟುತ್ತಲೇ ಇದ್ದ ಜಾಗ ಇದು.

ಬಾವಾ ಮೊದಲು ವಕೀಲರು. ಕೇಂಬ್ರಿಜ್‌ನಲ್ಲಿ ಓದಿದವರು. ವೃತ್ತಿ ಹಿಡಿಸದೆ ದೇಶ ಸುತ್ತಿದರು. ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿ ಒಂದು ಮನೆ ಕೊಂಡು ಅಲ್ಲೇ ನೆಲೆಸುವ ಆಸೆಯಿತ್ತು, ಅದು ಕೈಗೂಡಲಿಲ್ಲ. ಊರಿಗೆ ಮರಳಿ 1948ರಲ್ಲಿ ಕೊಂಡದ್ದು ದೆದ್ದುವದ ಈ ಹಳೆಯ ರಬ್ಬರ್ ತೋಟವನ್ನು. ಡಚ್ಚರ ಕಾಲದಲ್ಲಿ ಇಲ್ಲಿ ದಾಲ್ಚಿನ್ನಿ ಬೆಳೆಯುತ್ತಿದ್ದರು. ಗುಡ್ಡದ ಮೇಲೊಂದು ಸಾಧಾರಣ ಬಂಗಲೆ, ಸುತ್ತ ಒತ್ತೊತ್ತಾಗಿ ರಬ್ಬರ್ ಮರ. ನೀರು ಅಷ್ಟು ಹತ್ತಿರವಿದ್ದರೂ ಅದನ್ನು ಕಣ್ತುಂಬ ನೋಡುವ ದಾರಿಯಿರಲಿಲ್ಲ. ಆ ನೆಲದ ಮೇಲೆ ಕೈಯಾಡಿಸತೊಡಗಿದಾಗ, ಮನಸ್ಸಿನಲ್ಲಿರುವುದನ್ನು ಕಟ್ಟಿ ನಿಲ್ಲಿಸುವ ವಿದ್ಯೆ ತಮಗಿಲ್ಲವೆಂದು ಅವರಿಗೆ ತಿಳಿಯಿತು. ಕೊಲಂಬೊದ ವಾಸ್ತುಶಿಲ್ಪಿಯೊಬ್ಬರ ಬಳಿ ಕೆಲಸ ಕಲಿತು, ಲಂಡನ್ನಿಗೆ ಹೋಗಿ ಓದಿ, 1957ರಲ್ಲಿ ವಾಸ್ತುಶಿಲ್ಪಿಯಾದರು. ಆಗ ಅವರಿಗೆ ಮೂವತ್ತೆಂಟು ವರ್ಷ.

ಹಳೆಯ ಬಂಗಲೆಯನ್ನು ಅವರು ಕೆಡವಲಿಲ್ಲ. ಬಾಗಿಲನ್ನು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗಿಸಿದರು, ಜಗಲಿಗಳನ್ನು ಸೇರಿಸಿದರು, ಗೋಡೆಗಳನ್ನು ತೆರೆದರು. ಹೆಚ್ಚಿನ ಕೆಲಸ ನಡೆದದ್ದು ಮನೆಯ ಹೊರಗೆ. ಉತ್ತರಕ್ಕೆ ಮರಗಳನ್ನು ತೆಗೆದಾಗ ಸರೋವರ ಕಾಲಬುಡದಲ್ಲೇ ತೆರೆದುಕೊಂಡಿತು. ಅಲ್ಲಿನ ಜಗಲಿಕಟ್ಟೆಯ ದೇವಕಣಗಿಲೆ ಗಿಡದ ಕೊಂಬೆಗಳಿಗೆ ಭಾರ ಕಟ್ಟಿ, ವರ್ಷಗಟ್ಟಲೆ ಬಗ್ಗಿಸಿ, ನೀರಿನ ನೋಟಕ್ಕೆ ಅಡ್ಡಬಾರದ ಹಾಗೆ ಬೆಳೆಸಿದರು.

ದಕ್ಷಿಣದ ನೋಟ ಅಷ್ಟು ಸಲೀಸಾಗಿರಲಿಲ್ಲ. ಅಲ್ಲಿ ದಾಲ್ಚಿನ್ನಿ ಗುಡ್ಡ ಅಡ್ಡ ನಿಂತಿತ್ತು. ಬಾವಾ ಅದರ ನೆತ್ತಿಯನ್ನು ತಗ್ಗಿಸಿದರು. ಮನೆಗೂ ಗುಡ್ಡಕ್ಕೂ ನಡುವೆ ಹಾದುಹೋಗುವ ಊರ ರಸ್ತೆಯನ್ನು ತಗ್ಗಿಗೆ ಇಳಿಸಿದರು. ಜನ ಓಡಾಡುತ್ತಲೇ ಇರುತ್ತಾರೆ, ಆದರೆ ಮನೆಯಿಂದ ನೋಡಿದವರಿಗೆ ಹುಲ್ಲು ಎಡೆಬಿಡದೆ ಗುಡ್ಡ ಹತ್ತಿದಂತೆ ಕಾಣುತ್ತದೆ. ಗುಡ್ಡದ ಮೇಲೆ ಒಂದು ರಂಜದ ಮರ, ಅದರಡಿ ಒಂದು ದೊಡ್ಡ ಜಾಡಿ. ಕಣ್ಣು ಅಲ್ಲಿ ತಂಗಿ, ಆಚೆಯ ಸರೋವರ ದಾಟಿ, ದಿಗಂತದಲ್ಲಿ ಬೆಳ್ಳಗೆ ಕಾಣುವ ಕಟಕುಲಿಯ ಬೌದ್ಧ ಸ್ತೂಪವನ್ನು ಮುಟ್ಟುತ್ತದೆ. ಆ ಸ್ತೂಪ ಬಾವಾ ಅವರದಲ್ಲ, ನೀರೂ ಅವರದಲ್ಲ. ತಮ್ಮದಲ್ಲದ್ದನ್ನು ಬೇಲಿ ಹಾಕದೆ, ಕೊಳ್ಳದೆ, ಬರೀ ಮಣ್ಣು ಸರಿಸಿ ಮನೆಯೊಳಕ್ಕೆ ಕರೆದುಕೊಂಡ ಈ ಕೆಲಸವನ್ನೇ ಲುನುಗಂಗದ ಹಿರಿಮೆ ಎಂದು ನಾನು ತಿಳಿಯುತ್ತೇನೆ.

ಗುಡ್ಡ ಕಡಿದು, ರಸ್ತೆ ಇಳಿಸಿ, ಕೊಂಬೆ ಬಗ್ಗಿಸಿದ್ದನ್ನು ನಿಸರ್ಗದೊಂದಿಗಿನ ಹೊಂದಾಣಿಕೆ ಎನ್ನಬಹುದೇ? ಈ ಪ್ರಶ್ನೆ ನ್ಯಾಯವಾದದ್ದು. ಅಲ್ಲಿ ಕೈತಾಗದ ಕಾಡು ಮೊದಲೂ ಇರಲಿಲ್ಲ. ಇದ್ದದ್ದು ಒಂದರ ಮೇಲೊಂದು ಬಂದುಹೋದ ತೋಟಗಳು. ಬಾವಾ ಅವಸರ ಮಾಡಲಿಲ್ಲ. ಮರ ಕಡಿಯುವ ಮೊದಲು ಬೆಳಕು ಎಲ್ಲಿ ಬೀಳುತ್ತದೆ, ಮಳೆನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಲು ಅವರಿಗೆ ವರ್ಷಗಳೇ ಇದ್ದವು. ತಗ್ಗಿನ ಗದ್ದೆ ಗದ್ದೆಯಾಗಿಯೇ ಉಳಿಯಿತು, ಅದರ ಬದಿಗೆ ಕೊಳಗಳು ಬಂದವು. ತೋಟದ ಬೇರೆಬೇರೆ ಕಡೆ ಮೇಜು ಕುರ್ಚಿ ಹಾಕಿಸಿ, ಬೆಳಗಿನ ಚಹಾ ಒಂದು ಕಡೆ, ಮಧ್ಯಾಹ್ನದ ಊಟ ಇನ್ನೊಂದು ಕಡೆ ಎಂದು ನೆರಳಿನ ಜೊತೆ ತಾವೂ ಜಾಗ ಬದಲಿಸುತ್ತಿದ್ದರು. ಒಂದೊಂದು ಜಾಗದ ಗಂಟೆಗೆ ಒಂದೊಂದು ದನಿ. ಯಜಮಾನರು ಎಲ್ಲಿದ್ದಾರೆಂದು ಅಡುಗೆಮನೆಯವರಿಗೆ ಅದರಿಂದಲೇ ಗೊತ್ತಾಗುತ್ತಿತ್ತು.

ಇಲ್ಲಿ ಕಲಿತದ್ದು ಅವರ ದೊಡ್ಡ ಕಟ್ಟಡಗಳಿಗೂ ಹೋಯಿತು. 1982ರಲ್ಲಿ ಉದ್ಘಾಟನೆಯಾದ ಕೋಟ್ಟೆಯ ಸಂಸತ್ ಭವನಕ್ಕೆ ಜೌಗುನೆಲವನ್ನೇ ಸರೋವರವಾಗಿಸಿದರು. ದಂಬುಲ್ಲ ಬಳಿಯ ಕಂದಲಮ ಹೋಟೆಲನ್ನು ಸಿಗಿರಿಯ ಬಂಡೆಯ ಬುಡದಲ್ಲಿ ಕಟ್ಟಬೇಕೆಂಬ ಪ್ರಸ್ತಾಪವಿತ್ತು. ಬಾವಾ ಅದನ್ನು ಒಪ್ಪದೆ, ಹಳೆಯ ಕೆರೆಯೊಂದರ ಆಚೆಯಿಂದ ಸಿಗಿರಿಯ ದೂರಕ್ಕೆ ಕಾಣುವ ಬಂಡೆಯಂಚನ್ನು ಆರಿಸಿದರು. 1994ರಲ್ಲಿ ತೆರೆದ ಆ ಕಟ್ಟಡ ಈಗ ಬಳ್ಳಿಗಳೊಳಗೆ ಮುಳುಗಿದೆ. ಅವರ ಮನೆಗಳ ಮಾಡಿನಲ್ಲಿ ಕೆಳಗೆ ಸಿಮೆಂಟ್ ಶೀಟು, ಮೇಲೆ ನಾಡಹಂಚು ಇರುತ್ತಿತ್ತು. ಸೋರದ ಹಾಗೆ ಶೀಟು, ತಂಪಿಗೂ ಅಂದಕ್ಕೂ ಹಂಚು. ಹೊಸತು ಹಳತು ಎಂಬ ಜಗಳವೇ ಇಲ್ಲದ ಆಧುನಿಕತೆ ಇದು.

ನಮ್ಮಲ್ಲಿ ಕೆರೆಯ ನೋಟ ಮಾರಾಟದ ಸರಕಾಗಿದೆ. ಬೆಂಗಳೂರಿನಲ್ಲಿ ನೀರು ಕಾಣುವ ಫ್ಲ್ಯಾಟಿಗೆ ಬೆಲೆ ಹೆಚ್ಚು, ಆ ನೀರಿಗೆ ಜೀವ ಕೊಡುವ ರಾಜಕಾಲುವೆಗೆ ಮಾತ್ರ ಬೆಲೆಯಿಲ್ಲ. ಮಲೆನಾಡಿನ ಹಿನ್ನೀರಿನ ದಂಡೆಗಳಲ್ಲಿ ಎಷ್ಟೋ ಕಡೆ ಜೆಸಿಬಿ ಬಂದು ದಿಬ್ಬವನ್ನು ಸಮತಟ್ಟು ಮಾಡಿದ ಮೇಲೆಯೇ ನಕ್ಷೆಯ ಮಾತು. ಬಾವಾ ಕೂಡ ಮಣ್ಣು ಅಗೆಸಿದವರೇ. ಆದರೆ ಯಾವ ಮಣ್ಣನ್ನು, ಯಾವುದು ಕಾಣಲೆಂದು ಅಗೆಸುತ್ತಿದ್ದೇನೆ ಎಂಬುದು ಅವರಿಗೆ ಸ್ಪಷ್ಟವಿತ್ತು.

1998ರಲ್ಲಿ ಪಾರ್ಶ್ವವಾಯು ಬಡಿದು ಅವರ ಕೆಲಸ ನಿಂತಿತು. 2003ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದು ದಾಲ್ಚಿನ್ನಿ ಗುಡ್ಡದ ಮೇಲೆ. ತೋಟವನ್ನು ಈಗ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಅರವತ್ತರ ದಶಕದ ಆರಂಭದಲ್ಲಿ ಕಲಾವಿದೆ ಈನಾ ಡಿ ಸಿಲ್ವಾ ಅವರಿಗಾಗಿ ಬಾವಾ ಕೊಲಂಬೊದಲ್ಲಿ ಕಟ್ಟಿದ್ದ ಅಂಗಳದ ಮನೆಯನ್ನೂ ಕಳಚಿ ತಂದು ಇಲ್ಲೇ ಮರಳಿ ಕಟ್ಟಿದ್ದಾರೆ. ಲುನುಗಂಗವನ್ನು ಸಾರ್ವಜನಿಕರು ನೋಡಬಹುದು, ತಂಗಲು ಕೋಣೆಗಳೂ ಇವೆ. ಕೆರೆಯಂಚಿನಲ್ಲೋ ಹಿನ್ನೀರಿನ ದಂಡೆಯಲ್ಲೋ ಮನೆ ಕಟ್ಟುವ ಯೋಚನೆಯಿದ್ದವರು ನಕ್ಷೆ ಮಾಡಿಸುವ ಮೊದಲೇ ಇಲ್ಲಿಗೊಮ್ಮೆ ಹೋಗಿಬನ್ನಿ.