ದನಗಳ ರೋಗವೂ ಲೆಕ್ಕದ ಕಾಯಕವೂ

ಶರಣ ಪರಂಪರೆಯಲ್ಲಿ ದನ ಕಾಯುವ ಕಾಯಕಕ್ಕೂ ಲೆಕ್ಕ ಬರೆಯುವ ಕಾಯಕಕ್ಕೂ ಸಮಾನವಾದ ಗೌರವವುಂಟು. ತುರುಗಾಹಿ ರಾಮಣ್ಣನವರು ದನಗಳನ್ನು ಕಾಯುತ್ತಲೇ ಅನುಭಾವವನ್ನು ನುಡಿದವರು. ಬಸವಣ್ಣನವರು ಭಂಡಾರಿಗಳಾಗುವ ಮುನ್ನ ಕರಣಿಕರಾಗಿ ಲೆಕ್ಕಪತ್ರಗಳನ್ನು ನೋಡಿಕೊಂಡರೆಂದು ಪರಂಪರೆಯು ಹೇಳುತ್ತದೆ. ಈ ಎರಡು ಕಾಯಕಗಳು ಕೂಡಿದಾಗ ಎಂತಹ ಲೋಕೋಪಕಾರ ಸಾಧ್ಯವೆಂಬುದನ್ನು ನಮ್ಮ ಕಾಲವೇ ಕಂಡಿದೆ. ಆ ಸಂಗತಿಯನ್ನು ಸದ್ಭಕ್ತರ ಮುಂದಿಡುವುದು ನಮ್ಮ ಉದ್ದೇಶ.

ದೊಡ್ಡರೋಗ ಅಳಿದ ಬಗೆ

ನಮ್ಮ ಹಿರಿಯರು ‘ದೊಡ್ಡರೋಗ’ವೆಂದು ಅಂಜುತ್ತಿದ್ದ ಮಾರಿಯು ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳು ಬರಿದಾಗುತ್ತಿದ್ದವು, ಉಳುವ ಎತ್ತುಗಳಿಲ್ಲದೆ ಹೊಲಗಳು ಬೀಳು ಬೀಳುತ್ತಿದ್ದವು. ಅದನ್ನು ತಡೆಯುವ ಔಷಧವನ್ನು ಸಿದ್ಧಪಡಿಸಲೆಂದೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. 1954ರಿಂದ ದೇಶದಲ್ಲಿ ಲಸಿಕೆಯ ಕಾರ್ಯಕ್ರಮ ನಡೆಯಿತು. ರೋಗ ತಗ್ಗಿತೇ ಹೊರತು ತೊಲಗಲಿಲ್ಲ.

1992ರ ಹೊಸ ಯೋಜನೆಯು ಬೇರೊಂದು ದಾರಿ ಹಿಡಿಯಿತು. ರೋಗ ಎಲ್ಲೆಲ್ಲಿ ಕಾಣಿಸಿಕೊಂಡಿತ್ತೆಂಬ ದಾಖಲೆಗಳನ್ನು ಆಧರಿಸಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಲಾಯಿತು. ರೋಗ ಬೇರೂರಿದ್ದ ದಕ್ಷಿಣದಲ್ಲಿ ಲಸಿಕೆಗೆ ಒತ್ತು ಬಿದ್ದಿತು. ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಿ ವಿಚಾರಿಸಿದರು. ದನಗಳು ಸಾಗುವ ಹಾದಿಗಳನ್ನು ಶೋಧಿಸಿದರು. ಪಶು ಆಸ್ಪತ್ರೆಗಳ ದಿನಚರಿ ಪುಸ್ತಕಗಳನ್ನು ತಿರುವಿಹಾಕಿದರು.

ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ಕಠಿಣವಾದುದು: ಲಸಿಕೆಯನ್ನು ನಿಲ್ಲಿಸುವುದು. ಕೇಳಿದವರಿಗೆ ಇದು ವಿಪರೀತವೆನಿಸೀತು. ಆದರೆ ಲಸಿಕೆ ಪಡೆದ ದನದ ರಕ್ತಕ್ಕೂ ರೋಗದಿಂದ ಪಾರಾದ ದನದ ರಕ್ತಕ್ಕೂ ಆಗಿನ ಪರೀಕ್ಷೆಯಲ್ಲಿ ಭೇದ ತಿಳಿಯುತ್ತಿರಲಿಲ್ಲ. ಲಸಿಕೆ ನಿಂತ ಬಳಿಕ ಹುಟ್ಟಿದ ಕರುಗಳ ರಕ್ತದಲ್ಲಿ ರೋಗದ ಗುರುತಿಲ್ಲದಿದ್ದರೆ ಮಾತ್ರ ಮಾರಿ ತೊಲಗಿತೆಂದು ಹೇಳಬಹುದಾಗಿತ್ತು. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ಭಾರತದ ಕೊನೆಯ ಪ್ರಕರಣ. 2006ರಲ್ಲಿ ನಮ್ಮ ದೇಶಕ್ಕೆ ಸೋಂಕುಮುಕ್ತವೆಂಬ ಮನ್ನಣೆ ದೊರೆಯಿತು. 2011ರಲ್ಲಿ ಇಡೀ ಜಗತ್ತೇ ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಸಿಡುಬಿನ ನಂತರ ಮಾನವನು ಭೂಮಿಯಿಂದ ಅಳಿಸಿದ ಎರಡನೆಯ ರೋಗವಿದು.

ದಾಸೋಹದ ಹಂಡೆ

ಕೋಟಿಗಟ್ಟಲೆ ದನಗಳಿರುವ ನಾಡಿನಲ್ಲಿ ಎಲ್ಲವುಗಳ ರಕ್ತವನ್ನೂ ಪರೀಕ್ಷಿಸಿದರೇ? ಇಲ್ಲ. ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕೆನ್ನುತ್ತೇವೆ. ಮನೆಯ ಪಾತ್ರೆಗೆ ಆ ಮಾತು ಸರಿ. ದಾಸೋಹದ ಹಂಡೆಯಲ್ಲಾದರೆ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ನೋಡಬೇಕು. ಅಂತೆಯೇ ರಸ್ತೆ ಬದಿಯ ಊರುಗಳನ್ನಷ್ಟೇ ಅಲ್ಲದೆ, ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಊರುಗಳನ್ನು ಆರಿಸಬೇಕು. ಹಾಗೆ ಆರಿಸಿದಾಗ, ನೂರಕ್ಕೊಂದು ದನಕ್ಕೆ ಸೋಂಕಿದ್ದರೂ, ಸುಮಾರು 300 ದನಗಳ ಪರೀಕ್ಷೆಯಲ್ಲಿ ಒಂದಾದರೂ ಸಿಕ್ಕಿಬೀಳುವ ಸಂಭವ ನೂರಕ್ಕೆ 95ರಷ್ಟಿರುತ್ತದೆ. ಅಂಕಿಶಾಸ್ತ್ರದ ಶಕ್ತಿ ಇದು.

ಇನ್ನೊಂದು ವಿವೇಕವೂ ಬೇಕು. ಒಂದು ಊರಿನ 2,000 ದನಗಳಲ್ಲಿ 20ಕ್ಕೆ, ಮತ್ತೊಂದು ಊರಿನ 50 ದನಗಳಲ್ಲಿ 10ಕ್ಕೆ ರೋಗ ತಗುಲಿತೆಂದಿಟ್ಟುಕೊಳ್ಳೋಣ. ಬರಿಯ ಸಂಖ್ಯೆ ನೋಡಿದವನು ಮೊದಲನೆಯ ಊರಿಗೆ ಓಡುತ್ತಾನೆ. ಆದರೆ ಅಲ್ಲಿ ರೋಗ ನೂರಕ್ಕೆ ಒಂದು. ಎರಡನೆಯ ಊರಿನಲ್ಲಿ ನೂರಕ್ಕೆ ಇಪ್ಪತ್ತು. ಆದ್ದರಿಂದ ಒಟ್ಟು ದನಗಳ ಎಣಿಕೆಯೂ ಅಷ್ಟೇ ಮುಖ್ಯ. ಜಾನುವಾರು ಗಣತಿಗೆ ಬಂದವರಿಗೆ ನಿಜವಾದ ಲೆಕ್ಕ ಕೊಡಬೇಕಾದುದು ಇದಕ್ಕಾಗಿಯೇ.

ನಮ್ಮ ಸೀಮೆಯ ಮಾತು

ಅಂಬಿಕಾನಗರದ ಸುತ್ತಣ ಸೀಮೆಯನ್ನೇ ನೋಡೋಣ. ಪಶ್ಚಿಮಕ್ಕೆ ಜೋಯಿಡಾದ ದಟ್ಟ ಕಾಡು, ಬಿಡದ ಮಳೆ. ಪೂರ್ವಕ್ಕೆ ಹಳಿಯಾಳ, ಮುಂಡಗೋಡಗಳ ಬಯಲು ಹೊಲಗಳು. ಕಾಡಂಚಿನಲ್ಲಿ ಗೌಳಿ ಬಂಧುಗಳ ಎಮ್ಮೆಗಳು ಮೇಯುತ್ತವೆ. ಅದೇ ಕಾಡಿನಲ್ಲಿ ಕಾಟಿಗಳೂ ಇವೆ. ಕಾಲುಬಾಯಿ ಜ್ವರವು ಊರ ದನಕ್ಕೂ ಕಾಟಿಗೂ ಭೇದವೆಣಿಸದು. ಜಿಲ್ಲೆಗೆಲ್ಲ ಒಂದೇ ಅಂಕಿ ಬರೆದರೆ ಕಾರವಾರದ ಕಡಲತೀರವೂ ಜೋಯಿಡಾದ ಕಾಡೂ ಮುಂಡಗೋಡದ ಬಯಲೂ ಒಂದರಲ್ಲೊಂದು ಕರಗಿಹೋಗುತ್ತವೆ. ಊರುವಾರು ವರದಿ ಬೇಕೆನ್ನುವುದು ಅದಕ್ಕಾಗಿ.

ಇಂತಹ ವರದಿಗಳನ್ನು ಅಭ್ಯಸಿಸುವ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ. ಹಿಂದಿನ ವರ್ಷಗಳ ರೋಗದ ದಾಖಲೆಗಳನ್ನು ಮಳೆ, ತಾಪ, ಜಾನುವಾರು ಸಂಖ್ಯೆಗಳೊಡನೆ ತೂಗಿ, ಗಳಲೆ, ಚಪ್ಪೆ, ನೆರಡಿ ಮೊದಲಾದ ರೋಗಗಳು ಯಾವ ಜಿಲ್ಲೆಯಲ್ಲಿ ತಲೆಯೆತ್ತಬಹುದೆಂದು ಎರಡು ತಿಂಗಳು ಮುಂಚಿತವಾಗಿ ಎಚ್ಚರಿಸುವುದು ಅದರ ಕಾಯಕ. ಲಸಿಕೆ ಎಲ್ಲಿಗೆ, ಎಂದು ಹೋಗಬೇಕೆಂದು ನಿರ್ಣಯಿಸಲು ಆ ಮುನ್ಸೂಚನೆ ನೆರವಾಗುತ್ತದೆ. 2019ರಲ್ಲಿ ಆರಂಭವಾದ ಕಾಲುಬಾಯಿ ಜ್ವರ ಮತ್ತು ಕಂದುರೋಗಗಳ ನಿಯಂತ್ರಣ ಯೋಜನೆಯಲ್ಲಿ ದನದ ಕಿವಿಗೆ ಹಾಕುವ 12 ಅಂಕಿಗಳ ಓಲೆಯೂ ಈ ಲೆಕ್ಕದ ಭಾಗವೇ.

ಮರೆಮಾಚದಿರೋಣ

ಆದರೆ ಬರೆಯದ ರೋಗವನ್ನು ಯಾವ ಶಾಸ್ತ್ರವೂ ಎಣಿಸಲಾರದು. ಡೇರಿಯಲ್ಲಿ ಹಾಲು ನಿಂತೀತು, ಸಂತೆಯಲ್ಲಿ ಬೆಲೆ ಇಳಿದೀತು, ಓಲೆ ಹಾಕಿದರೆ ಕಿವಿ ನೊಂದೀತು ಎಂಬ ಅಂಜಿಕೆಯಿಂದ ಅನೇಕ ಮನೆಗಳಲ್ಲಿ ರೋಗವನ್ನು ಮುಚ್ಚಿಡುತ್ತಾರೆ. ಬಡವನ ಆ ಅಂಜಿಕೆ ಸುಳ್ಳಲ್ಲ. ಅವನ ಸಂಸಾರ ನಿಂತಿರುವುದೇ ಆ ಹಾಲಿನ ಮೇಲೆ. ಆದರೆ ಮುಚ್ಚಿಟ್ಟ ರೋಗ ನೆರೆಮನೆಯ ಕೊಟ್ಟಿಗೆಗೆ ಹಬ್ಬುತ್ತದೆ. ದಾಖಲೆಯಲ್ಲಿ ಮಾತ್ರ ಆ ಊರು ನಿರೋಗಿಯಾಗಿಯೇ ಉಳಿಯುತ್ತದೆ. ಲಸಿಕೆ ಬೇರೆಡೆಗೆ ಹೋಗುತ್ತದೆ.

2009ರ ಪಶುರೋಗ ನಿಯಂತ್ರಣ ಕಾಯಿದೆಯು ಪಟ್ಟಿಯಲ್ಲಿರುವ ರೋಗಗಳ ಶಂಕೆ ಬಂದೊಡನೆ ಗ್ರಾಮ ಪಂಚಾಯತಿಗೆ ತಿಳಿಸುವ ಹೊಣೆಯನ್ನು ದನದ ಒಡೆಯನಿಗೇ ವಹಿಸಿದೆ. ಪಶು ಚಿಕಿತ್ಸೆಯ ನೆರವಿಗೆ 1962 ಎಂಬ ದೂರವಾಣಿ ಸಂಖ್ಯೆಯಿದೆ. ದನ ಜೊಲ್ಲು ಸುರಿಸಿದ ದಿನ, ಕುಂಟಿದ ದಿನ, ಕಂದು ಹಾಕಿದ ದಿನವನ್ನು ಮನೆಯ ಪಂಚಾಂಗದಲ್ಲಾದರೂ ಗುರುತುಮಾಡಿ ವೈದ್ಯರಿಗೆ ತೋರಿಸುವುದು ತಾಯಂದಿರಿಗೂ ಶಾಲೆಯ ಮಕ್ಕಳಿಗೂ ಸಾಧ್ಯವಾದ ಕೆಲಸ.

ಬಸವ ಜಯಂತಿಯಂದು ಎತ್ತುಗಳ ಮೈತೊಳೆದು ಪೂಜಿಸುವ ಮನೆಗಳು ನಮ್ಮವು. ಆ ಮೂಕಪ್ರಾಣಿಗೆ ತನ್ನ ಬೇನೆಯನ್ನು ಹೇಳಿಕೊಳ್ಳಲು ಬಾಯಿಲ್ಲ. ಅದರ ಪರವಾಗಿ ಸತ್ಯವಾದ ಲೆಕ್ಕವನ್ನು ಬರೆಸುವುದು ದಯೆಯ ಕಾಯಕವೇ ಸರಿ.