ಭರ್ಜಿ ಅಷ್ಟು ದೂರ ಹೋಗಿದ್ದು ಹೇಗೆ?

1984ರ ಜುಲೈ 20ರಂದು ಪೂರ್ವ ಬರ್ಲಿನ್ನಿನ ಕ್ರೀಡಾಂಗಣವೊಂದರಲ್ಲಿ ಉವೆ ಹೋನ್ ಎಂಬ 22ರ ತರುಣ ಎಸೆದ ಭರ್ಜಿ 104.80 ಮೀಟರ್ ದೂರ ಹೋಗಿ ಬಿತ್ತು. ಅದಕ್ಕೆ ಮೊದಲಿನ ವಿಶ್ವದಾಖಲೆ 99.72 ಮೀಟರ್. ನೂರರ ಗಡಿಯನ್ನು ಅಲ್ಲಿಯವರೆಗೆ ಯಾರೂ ದಾಟಿರಲಿಲ್ಲ, ಆಮೇಲೂ ಯಾರೂ ದಾಟಿಲ್ಲ. ಓಟದ ಟ್ರ್ಯಾಕಿನ ನಡುವೆ ಇರುವ ಹುಲ್ಲಿನ ಮೈದಾನದ ಉದ್ದವೇ ನೂರು ಚಿಲ್ಲರೆ ಮೀಟರು. 800 ಗ್ರಾಂ ತೂಕದ, ಎರಡೂವರೆ ಮೀಟರಿಗೂ ಉದ್ದದ, ಲೋಹದ ಮೊನೆಯ ಆಯುಧ ಇನ್ನೊಂದಿಷ್ಟು ದೂರ ಹಾರಿದರೆ ಆಚೆ ಬದಿಯಲ್ಲಿ ಓಡುತ್ತಿರುವವರ ಗತಿಯೇನು?

ಇನ್ನೊಂದು ತಲೆನೋವೂ ಇತ್ತು. ಆ ಕಾಲದ ಭರ್ಜಿಗಳು ಗಾಳಿಯಲ್ಲಿ ತೇಲುತ್ತಾ ಹೋಗಿ ನೆಲಕ್ಕೆ ಅಡ್ಡಡ್ಡ ಬೀಳುತ್ತಿದ್ದವು. ಮೊನೆ ಮೊದಲು ತಾಗಿತೋ ಬಾಲ ಮೊದಲು ತಾಗಿತೋ ಎಂದು ತೀರ್ಪುಗಾರರಿಗೂ ಆಟಗಾರರಿಗೂ ಜಗಳವೇ ಆಗುತ್ತಿತ್ತು. ಕೊನೆಗೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 1986ರ ಏಪ್ರಿಲ್‌ನಿಂದ ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿತು. ಹಳೆಯ ದಾಖಲೆ ಪುಸ್ತಕ ಮುಚ್ಚಿತು, ಹೊಸ ಪುಸ್ತಕ ತೆರೆಯಿತು. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ವಿಶ್ವದಾಖಲೆ ಪಶ್ಚಿಮ ಜರ್ಮನಿಯ ಕ್ಲಾಸ್ ಟಾಫೆಲ್‌ಮಯರ್ ಹೆಸರಿನಲ್ಲಿತ್ತು: 85.74 ಮೀಟರ್.

ಎರಡೇ ವರ್ಷದಲ್ಲಿ 19 ಮೀಟರ್ ಇಳಿಕೆ! ಜಗತ್ತಿನ ಗಟ್ಟಿ ತೋಳುಗಳೆಲ್ಲ ಒಮ್ಮೆಲೇ ಸೋತು ಹೋದವೆಂದು ಯಾರೂ ಹೇಳುವುದಿಲ್ಲ. ಬದಲಾದದ್ದು ಭರ್ಜಿಯೊಳಗಿನ ತೂಕದ ಹಂಚಿಕೆ ಮಾತ್ರ.

ಕ್ರೀಡಾ ದಾಖಲೆಗಳು ದಶಕದಿಂದ ದಶಕಕ್ಕೆ ಯಾಕೆ ಉತ್ತಮಗೊಳ್ಳುತ್ತಿವೆ ಎಂಬ ಪ್ರಶ್ನೆಗೆ ಭರ್ಜಿ ಎಸೆತದಷ್ಟು ಚೆನ್ನಾಗಿ ಉತ್ತರಿಸುವ ಆಟ ಇನ್ನೊಂದಿಲ್ಲ. ಓಟದಲ್ಲಿ, ಈಜಿನಲ್ಲಿ ಸಲಕರಣೆಯ ಪಾಲೆಷ್ಟು, ದೇಹದ ಪಾಲೆಷ್ಟು, ತಿಳಿವಳಿಕೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಇಲ್ಲಿ ನಿಯಮ ರೂಪಿಸುವವರೇ ಒಂದು ಪ್ರಯೋಗ ಮಾಡಿ ತೋರಿಸಿದ್ದಾರೆ.

ಪುರುಷರ ಭರ್ಜಿ ಎಸೆತದ ಮೊದಲ ಅಧಿಕೃತ ವಿಶ್ವದಾಖಲೆ 1912ರದು. ಸ್ವೀಡನ್ನಿನ ಎರಿಕ್ ಲೆಮ್ಮಿಂಗ್ ಸ್ಟಾಕ್‌ಹೋಮಿನಲ್ಲಿ 62.32 ಮೀಟರ್ ಎಸೆದಿದ್ದರು. ಅಲ್ಲಿಂದ ಹೋನ್‌ವರೆಗೆ 72 ವರ್ಷ, ಅಂದರೆ ಸುಮಾರು ಮೂರು ತಲೆಮಾರು. ಮನುಷ್ಯನ ವಂಶವಾಹಿಗಳು ಬದಲಾಗಲು ಅದು ಏನೇನೂ ಸಾಲದ ಕಾಲ. ಹೊಟ್ಟೆತುಂಬ ಊಟ, ಲಸಿಕೆ, ಶುದ್ಧ ನೀರು ಸಿಕ್ಕ ಕಡೆಗಳಲ್ಲಿ ಜನ ಎತ್ತರವಾಗಿದ್ದಾರೆ ಎನ್ನುವುದು ನಿಜ. ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ನೂರು ವರ್ಷದಲ್ಲಿ ಸುಮಾರು 20 ಸೆಂಟಿಮೀಟರ್ ಹೆಚ್ಚಿದೆ. ಉದ್ದ ತೋಳಿನಿಂದ ಎಸೆತಗಾರನಿಗೆ ಲಾಭವಿದೆ. ಆದರೆ 62 ಮೀಟರು 104 ಆಗುವಷ್ಟು ಲಾಭವಲ್ಲ.

ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಒಂದು ದೊಡ್ಡ ಜಿಗಿತ ಕಾರ್ಯಾಗಾರದಿಂದ ಬಂತು. 1950ರ ದಶಕದಲ್ಲಿ ಅಮೆರಿಕದ ಬಡ್ ಹೆಲ್ಡ್ ಎಂಬ ಎಸೆತಗಾರ ಮತ್ತು ಅವರ ಸೋದರ ಡಿಕ್ ಹೆಲ್ಡ್ ಕೂಡಿ ಭರ್ಜಿಯ ಆಕಾರವನ್ನೇ ತಿದ್ದಿದರು. ತೂಕ ಅಷ್ಟೇ ಇಟ್ಟು, ಒಳಗೆ ಟೊಳ್ಳು ಮಾಡಿ, ಮೈಯನ್ನು ದಪ್ಪಗೊಳಿಸಿದರು. ಗಾಳಿ ಒತ್ತಲು ಹೆಚ್ಚು ಮೇಲ್ಮೈ ಸಿಕ್ಕಿದ್ದರಿಂದ ಭರ್ಜಿ ಹೆಚ್ಚು ಹೊತ್ತು ಮೇಲೆಯೇ ಉಳಿಯಿತು. 1953ರಲ್ಲಿ ಬಡ್ ಹೆಲ್ಡ್ 80.41 ಮೀಟರ್ ಎಸೆದು ಎಂಬತ್ತರ ಗಡಿ ದಾಟಿದ ಮೊದಲಿಗರಾದರು. 1964ರಲ್ಲಿ ನಾರ್ವೆಯ ಟೆರ್ಯೆ ಪೆಡರ್ಸನ್ 91.72 ತಲುಪಿದರು.

ಇದರ ಹಿಂದಿನ ಭೌತವಿಜ್ಞಾನ ಸರಳ. ಹಾರುವ ಭರ್ಜಿಯಲ್ಲಿ ಎರಡು ಬಿಂದುಗಳು ಮುಖ್ಯ. ತೂಕವೆಲ್ಲ ಕೇಂದ್ರೀಕೃತವಾದಂತೆ ವರ್ತಿಸುವ ಬಿಂದು ಗುರುತ್ವ ಕೇಂದ್ರ. ಗಾಳಿಯ ತಳ್ಳುವಿಕೆಯೆಲ್ಲ ಕೂಡಿ ಬೀಳುವ ಬಿಂದು ಒತ್ತಡ ಕೇಂದ್ರ. ಹಳೆಯ ಭರ್ಜಿಯಲ್ಲಿ ಇವೆರಡೂ ಹತ್ತಿರ ಹತ್ತಿರ ಇದ್ದವು, ಹಾಗಾಗಿ ಮೊನೆ ಬಾಗದೆ ತೇಲಾಟ ಮುಂದುವರಿಯುತ್ತಿತ್ತು. ಗುರುತ್ವ ಕೇಂದ್ರ ಮುಂದೆ ಸರಿದಾಗ ಗಾಳಿಯ ಒತ್ತಡ ಅದಕ್ಕಿಂತ ಹಿಂದೆ ಬಿದ್ದು ಬಾಲವನ್ನು ಎತ್ತುತ್ತದೆ, ಮೊನೆಯನ್ನು ಕೆಳಗೆ ತಿರುಗಿಸುತ್ತದೆ. ಭರ್ಜಿ ಬೇಗ ಇಳಿದು ನೆಲಕ್ಕೆ ನಾಟುತ್ತದೆ.

ನಿಯಮ ಬಿಗಿಯಾದಷ್ಟೂ ಅದರ ಸಂದಿಯಲ್ಲಿ ದಾರಿ ಹುಡುಕುವವರು ಇದ್ದೇ ಇರುತ್ತಾರೆ. 1976ರ ಒಲಿಂಪಿಕ್ ಚಾಂಪಿಯನ್, ಹಂಗೆರಿಯ ಮಿಕ್ಲೋಶ್ ನೇಮೆತ್ ಬಾಲದ ಮೈಯನ್ನು ಒರಟು ಮಾಡಿದ ಭರ್ಜಿ ತಯಾರಿಸಿದರು. ಒರಟು ಬಾಲ ಗಾಳಿಯ ಹರಿವನ್ನು ಬದಲಿಸಿ, ಕಳೆದುಹೋಗಿದ್ದ ತೇಲಾಟವನ್ನು ಸ್ವಲ್ಪ ಮಟ್ಟಿಗೆ ಮರಳಿ ತಂದಿತು. ಫಿನ್ಲೆಂಡಿನ ಸೆಪ್ಪೊ ರಾಟಿ ಅಂಥ ಭರ್ಜಿಯಿಂದ 1991ರಲ್ಲಿ 96.96 ಮೀಟರ್ ಎಸೆದರು. ಅದೇ ವರ್ಷ ಒಕ್ಕೂಟ ಒರಟು ಬಾಲವನ್ನು ನಿಷೇಧಿಸಿ ಆ ದಾಖಲೆಗಳನ್ನೂ ಅಳಿಸಿಹಾಕಿತು. ಅದಕ್ಕೂ ಹಿಂದೆ, 1956ರಲ್ಲಿ, ಸ್ಪೇನಿನ ಬಾಸ್ಕ್ ಪ್ರಾಂತ್ಯದ ಫೆಲಿಕ್ಸ್ ಎರಾಸ್ಕಿನ್ ಡಿಸ್ಕಸ್ ಎಸೆಯುವವರಂತೆ ಗರಗರ ತಿರುಗಿ, ಕೈ ಜಾರಲೆಂದು ಸಾಬೂನು ಬಳಸಿ ಭರ್ಜಿ ಬಿಡುವ ವಿಧಾನ ಕಂಡುಹಿಡಿದಿದ್ದರು. ದೂರವೇನೋ ಬೆರಗು ಹುಟ್ಟಿಸುವಷ್ಟಿತ್ತು. ಆದರೆ ಭರ್ಜಿ ಯಾವ ದಿಕ್ಕಿಗೆ ಹಾರೀತೆಂಬ ಖಾತರಿಯಿರಲಿಲ್ಲ. ಅದನ್ನೂ ಕೂಡಲೇ ನಿಷೇಧಿಸಲಾಯಿತು. ಭರ್ಜಿಯನ್ನು ಭುಜದ ಮೇಲಿಂದಲೇ ಎಸೆಯಬೇಕೆಂಬ, ಮೈಯನ್ನು ಪೂರ್ತಿ ತಿರುಗಿಸಬಾರದೆಂಬ ನಿಯಮ ಇವತ್ತಿಗೂ ಇದೆ.

ಸಲಕರಣೆಯ ದಾರಿ ಮುಚ್ಚಿದಾಗ ಉಳಿದದ್ದು ದೇಹವನ್ನು ಬಳಸುವ ಬಗೆ. ಕಳೆದ ನಾಲ್ಕು ದಶಕಗಳ ನಿಜವಾದ ಗಳಿಕೆ ಇಲ್ಲೇ ಇದೆ.

ಎಸೆತದಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಭರ್ಜಿ ಕೈಬಿಡುವ ಕ್ಷಣದ ವೇಗ. ವೇಗ ಶೇ 5ರಷ್ಟು ಹೆಚ್ಚಿದರೆ ದೂರ ಹೆಚ್ಚುಕಡಿಮೆ ಶೇ 10ರಷ್ಟು ಹೆಚ್ಚುತ್ತದೆ. 90 ಮೀಟರ್ ದಾಟಬೇಕಾದರೆ ಆ ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್ ಇರಬೇಕು. ಇಷ್ಟು ವೇಗ ಬರಿ ತೋಳಿನಿಂದ ಹುಟ್ಟುವುದಿಲ್ಲ. ಎಸೆತಗಾರ ಗಂಟೆಗೆ 20 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿ ಬರುತ್ತಾನೆ. ಕೊನೆಯ ಹೆಜ್ಜೆಯಲ್ಲಿ, ಬಲಗೈ ಎಸೆತಗಾರನಾದರೆ, ಎಡಗಾಲನ್ನು ಮಂಡಿ ಬಗ್ಗದಂತೆ ನೆಲಕ್ಕೆ ಊರುತ್ತಾನೆ. ಕಾಲು ನಿಂತಿತು, ಆದರೆ ಮೈ ಇನ್ನೂ ಮುನ್ನುಗ್ಗುತ್ತಿದೆ. ಆ ನುಗ್ಗು ಸೊಂಟಕ್ಕೆ, ಸೊಂಟದಿಂದ ಎದೆಗೆ, ಭುಜಕ್ಕೆ, ಮೊಣಕೈಗೆ, ಮಣಿಕಟ್ಟಿಗೆ ಏರುತ್ತಾ ಪ್ರತಿ ಹಂತದಲ್ಲೂ ಹೆಚ್ಚು ವೇಗ ಪಡೆಯುತ್ತದೆ, ಚಾಟಿ ಬೀಸಿದಾಗ ಹಿಡಿಯ ಚಲನೆ ತುದಿಗೆ ತಲುಪುವ ಹಾಗೆ. ಎಡಗಾಲು ಊರಿ ಭರ್ಜಿ ಕೈಬಿಡುವವರೆಗಿನ ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಆ ಕಾಲಿನ ಮೇಲೆ ದೇಹತೂಕದ ಹಲವು ಪಟ್ಟು ಬಲ ಬೀಳುತ್ತದೆ. ಮಂಡಿ ಒಂದಿಷ್ಟು ಕುಸಿದರೂ ಮೀಟರುಗಟ್ಟಲೆ ನಷ್ಟ.

ಇಷ್ಟು ಚಿಕ್ಕ ಅವಧಿಯಲ್ಲಿ ಏನಾಯಿತೆಂದು ಬರಿಗಣ್ಣಿಗೆ ಕಾಣದು. ಸೆಕೆಂಡಿಗೆ ನೂರಾರು ಚಿತ್ರ ತೆಗೆಯುವ ಕ್ಯಾಮೆರಾ ಬಂದ ಮೇಲೆ ಕೋಚ್‌ಗಳ ಊಹೆಗೆ ಅಳತೆ ಸಿಕ್ಕಿತು. ಯಾವ ಕೋನದಲ್ಲಿ ಬಿಟ್ಟರು, ಸೊಂಟ ಮೊದಲು ತಿರುಗಿತೋ ಭುಜವೋ ಎಂಬುದನ್ನೆಲ್ಲ ಅದೇ ಸಂಜೆ ಪರದೆಯ ಮೇಲೆ ನೋಡಿ ತಿದ್ದಿಕೊಳ್ಳಬಹುದು. ಕೆಂಡದ ಬೂದಿ ಹಾಸಿದ ಹಳೆಯ ಅಂಕಣಗಳಲ್ಲಿ ಊರಿದ ಕಾಲು ಜಾರುತ್ತಿತ್ತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಬಳಕೆಗೆ ಬಂದ ಸಿಂಥೆಟಿಕ್ ನೆಲ, ಹಿಮ್ಮಡಿಯಲ್ಲೂ ಮೊಳೆಗಳಿರುವ ಬೂಟು ಆ ಕಾಲಿಗೆ ಗಟ್ಟಿ ಆಸರೆ ಕೊಟ್ಟವು. ಇವೆಲ್ಲ ಕೂಡಿಬಂದದ್ದು ಜೆಕ್ ಗಣರಾಜ್ಯದ ಯಾನ್ ಜೆಲೆಜ್ನಿಯಲ್ಲಿ. 1996ರ ಮೇ 25ರಂದು ಜರ್ಮನಿಯ ಯೇನಾದಲ್ಲಿ, ತೇಲದ ಹೊಸ ಭರ್ಜಿಯನ್ನೇ ಅವರು 98.48 ಮೀಟರ್ ಎಸೆದರು. ಹತ್ತು ವರ್ಷದಲ್ಲಿ ಸುಮಾರು 13 ಮೀಟರಿನ ಈ ಏರಿಕೆಯನ್ನು ಹೋನ್‌ನ ಎಸೆತಕ್ಕಿಂತ ದೊಡ್ಡ ಸಾಧನೆ ಎಂದು ಧೈರ್ಯವಾಗಿ ಹೇಳಬಹುದು.

ಬೇರೆ ಆಟಗಳ ಕಥೆಯೂ ಇದೇ. ಬಿದಿರಿನ ಕೋಲು ಹಿಡಿದ ಪೋಲ್‌ವಾಲ್ಟ್ ಜಿಗಿತಗಾರರು 4.77 ಮೀಟರಿಗೆ ನಿಂತಿದ್ದರು. ಬಾಗುವ ಫೈಬರ್‌ಗ್ಲಾಸ್ ಕೋಲು ಬಂದದ್ದೇ ತಡ, ದಾಖಲೆ ಓಟ ಕಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಮೊಂಡೊ ಡುಪ್ಲಾಂಟಿಸ್ ಟೋಕಿಯೊದಲ್ಲಿ ದಾಟಿದ್ದು 6.30 ಮೀಟರ್. ಪಾಲಿಯುರೆಥೇನ್ ಈಜುಡುಗೆ ತೊಟ್ಟು 2009ರ ರೋಮ್ ವಿಶ್ವ ಈಜು ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆಗಳು ಮುರಿದವು, ಮರುವರ್ಷವೇ ಆ ಉಡುಗೆಗೆ ನಿಷೇಧ ಬಿತ್ತು. ಕಾರ್ಬನ್ ತಗಡು ಹುದುಗಿಸಿದ ದಪ್ಪ ಅಡಿಯ ಮ್ಯಾರಥಾನ್ ಶೂ ಓಟಗಾರರ ಶಕ್ತಿವ್ಯಯವನ್ನು ಸರಾಸರಿ ಶೇ 4ರಷ್ಟು ಇಳಿಸಿದ್ದನ್ನು ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗಾಲಯ ಅಳೆದು ತೋರಿಸಿತು. 2020ರಲ್ಲಿ ಅಡಿಯ ದಪ್ಪಕ್ಕೆ 40 ಮಿಲಿಮೀಟರಿನ ಮಿತಿ ಬಂತು.

ಸಲಕರಣೆ, ತಿಳಿವಳಿಕೆ ಎರಡನ್ನೂ ಮೀರಿಸಿದ ಮೂರನೆಯ ಕಾರಣವೊಂದಿದೆ. ಹೆಚ್ಚು ಜನ ಕಣಕ್ಕಿಳಿದರು. ಮಹಿಳೆಯರಿಗೆ ಒಲಿಂಪಿಕ್ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಪೋಲ್‌ವಾಲ್ಟ್ 2000ದಲ್ಲಿ, 3000 ಮೀಟರ್ ಸ್ಟೀಪಲ್‌ಚೇಸ್ 2008ರಲ್ಲಿ. 1928ರಲ್ಲಿ ಒಮ್ಮೆ 800 ಮೀಟರ್ ಓಡಿಸಿ, ಹೆಂಗಸರಿಗೆ ಅದು ಆಗದೆಂದು 1960ರವರೆಗೆ ತೆಗೆದೇ ಹಾಕಿದ್ದರು. ಮೊದಲ ಮಹಿಳಾ ಒಲಿಂಪಿಕ್ ಮ್ಯಾರಥಾನ್ ಗೆದ್ದ ಜೋನ್ ಬೆನಾಯ್ಟ್ ತೆಗೆದುಕೊಂಡದ್ದು 2 ಗಂಟೆ 24 ನಿಮಿಷ 52 ಸೆಕೆಂಡ್. 2023ರಲ್ಲಿ ಇಥಿಯೋಪಿಯಾದ ತಿಗ್ಸ್ಟ್ ಅಸೆಫಾ ಬರ್ಲಿನ್ನಿನಲ್ಲಿ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿದರು. ಮಾನವಕುಲದ ಅರ್ಧ ಭಾಗವನ್ನು ಹೊರಗಿಟ್ಟು ಮಾನವನ ಮಿತಿ ಅಳೆಯಲು ಹೊರಟದ್ದು ಕ್ರೀಡಾ ಇತಿಹಾಸದ ದೊಡ್ಡ ಅನ್ಯಾಯ.

ಭರ್ಜಿಯೂ ಬಹುಕಾಲ ಹೆಚ್ಚಾಗಿ ಯುರೋಪಿನವರ ಸೊತ್ತಾಗಿತ್ತು. ಕೀನ್ಯಾದ ಜೂಲಿಯಸ್ ಯೇಗೊ ಯೂಟ್ಯೂಬ್‌ನಲ್ಲಿ ಜೆಲೆಜ್ನಿಯ ವಿಡಿಯೊ ನೋಡಿ ಕಲಿತು, 2015ರಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಶಿರಸಿಯ ಕಾಶೀನಾಥ ನಾಯ್ಕ್ 74.29 ಮೀಟರ್ ಎಸೆದು ಕಂಚು ಗೆದ್ದಾಗ ಅದು ಭಾರತಕ್ಕೆ ದೊಡ್ಡ ಸುದ್ದಿ. ಹನ್ನೆರಡು ವರ್ಷದ ನಂತರ ಅದೇ ಕೂಟದ ಚಿನ್ನಕ್ಕೆ ಪಾಕಿಸ್ತಾನದ ಅರ್ಷದ್ ನದೀಮ್ 90.18 ಮೀಟರ್ ಎಸೆದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರದು 92.97, ಭಾರತದ ನೀರಜ್ ಚೋಪ್ರಾ ಅವರದು 89.45. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆರು ಮಂದಿಯಲ್ಲಿ ಮೂವರು ಭಾರತೀಯರಿದ್ದರು.

ಇದು ಪಾಣಿಪತ್ತಿನ ಖಂಡ್ರಾ ಗ್ರಾಮದ ಹುಡುಗ ನೀರಜ್ ಒಬ್ಬರ ಪ್ರತಿಭೆಯಿಂದ ಮಾತ್ರ ಆದದ್ದಲ್ಲ. 104.80 ಎಸೆದ ಉವೆ ಹೋನ್ ಅವರೇ ಭಾರತಕ್ಕೆ ಕೋಚ್ ಆಗಿ ಬಂದಿದ್ದರು. ಅವರ ಬಳಿಕ ದೇಹಚಲನೆಯ ವಿಜ್ಞಾನ ಬಲ್ಲ ಕ್ಲಾಸ್ ಬಾರ್ಟೋನಿಯೆಟ್ಜ್ ನೀರಜ್ ಜೊತೆ ದುಡಿದರು, ಆಮೇಲೆ ಸ್ವತಃ ಜೆಲೆಜ್ನಿ ಬಂದರು. 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ನೀರಜ್ 90.23 ಮೀಟರ್ ಎಸೆದರು. ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅವರ ಹೆಸರಿನದೇ ಕೂಟ ನಡೆದು, ಯೇಗೊ ಅಂಥವರು ಕನ್ನಡಿಗರ ಕಣ್ಣೆದುರೇ ಭರ್ಜಿ ಎಸೆದರು. 86.18 ಮೀಟರ್ ಎಸೆದ ನೀರಜ್ ಗೆದ್ದರು.

ಏರಿಕೆಯ ಕಥೆಯಲ್ಲಿ ಕತ್ತಲ ಮಗ್ಗುಲೂ ಇದೆ. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಕ್ರೀಡಾಪಟುಗಳಿಗೆ, ಎಳೆಯ ಹುಡುಗಿಯರಿಗೂ ಸ್ಟೀರಾಯ್ಡ್ ಕೊಡಿಸುತ್ತಿದ್ದುದು 1990ರ ಏಕೀಕರಣದ ನಂತರ ಕಡತಗಳಿಂದ ಬಯಲಾಯಿತು. ಅನೇಕರು ಜೀವನಪೂರ್ತಿ ಕಾಯಿಲೆ ಅನುಭವಿಸಿದರು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಇತ್ತೀಚಿನ ವರ್ಷಗಳ ಅಂಕಿಅಂಶಗಳಲ್ಲಿ, ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ ಉದ್ದೀಪನ ಮದ್ದಿನಲ್ಲಿ ಸಿಕ್ಕಿಬೀಳುವವರ ಪ್ರಮಾಣ ಭಾರತದಲ್ಲೇ ಅತಿ ಹೆಚ್ಚು. ಜಿಲ್ಲಾ ಮಟ್ಟದ ಮಕ್ಕಳಿಗೆ ಸಿರಿಂಜಿನ ದಾರಿ ತೋರಿಸುವವರನ್ನು ತಡೆಯದೆ ಪದಕಗಳ ಮಾತಾಡುವುದು ಅರ್ಥಹೀನ.

ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು ಸರಿಸಿದಂತೆಯೇ ಮಹಿಳೆಯರ ಭರ್ಜಿಯನ್ನೂ 1999ರಲ್ಲಿ ಬದಲಿಸಲಾಯಿತು. ಹಳೆಯ ಭರ್ಜಿಯ ದಾಖಲೆ ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ ಅವರ 80.00 ಮೀಟರ್, ಹೊಸದರದು ಜೆಕ್‌ನ ಬಾರ್ಬೊರಾ ಸ್ಪೊಟಾಕೋವಾ 2008ರಲ್ಲಿ ಎಸೆದ 72.28. ಪುರುಷರಲ್ಲಿ ಜೆಲೆಜ್ನಿಗೆ ಅತಿ ಹತ್ತಿರ ಹೋದವರು ಜರ್ಮನಿಯ ಯೋಹಾನೆಸ್ ವೆಟರ್, 2020ರಲ್ಲಿ 97.76 ಮೀಟರ್. ಸಲಕರಣೆಯನ್ನು ಕಟ್ಟಿಹಾಕಿದರೆ, ಮದ್ದಿನ ಮೇಲೆ ಕಣ್ಣಿಟ್ಟರೆ, ಏರಿಕೆ ಎಷ್ಟು ನಿಧಾನ ಎನ್ನುವುದಕ್ಕೆ ಈ ಅಂಕಿಗಳೇ ಸಾಕ್ಷಿ. ಯೇನಾದಲ್ಲಿ 1996ರಲ್ಲಿ ದಾಖಲಾದ 98.48 ಮೀಟರನ್ನು 2025ರ ಕೊನೆಯವರೆಗೂ ಯಾರೂ ಮುರಿದಿರಲಿಲ್ಲ.